ದೇವರ ಹೂವಿನ ಕತ್ತರಿ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಕಳ್ಳ ಸಿಕ್ಕಿಬಿದ್ದ, ಆದರೆ ಸಿಕ್ಕಿಹಾಕಿಕೊಂಡವಳು ನಾನು.

ನಮ್ಮ ಲಿಲ್ಲಿ ಹೂವಿನ ಗಿಡದ ಎಲೆಗಳ ಮೇಲೆ ಹಳದಿ ಗೀರುಗಳು ಎದ್ದಿದ್ದವು. "ವೈರಸ್ ರೀ, ಔಷಧಿ ಇಲ್ಲ, ಕಿತ್ತಾಕ್ರಿ" ಎಂದಿದ್ದರು ನರ್ಸರಿಯವರು. ರೋಗದ ಗಿಡ ಕತ್ತರಿಸಿದ ಕತ್ತರಿಯನ್ನೇ ಇನ್ನೊಂದಕ್ಕೆ ಹಾಕಿದರೆ ರಸದ ಜೊತೆ ರೋಗವೂ ದಾಟುತ್ತದಂತೆ. ನಾನಂತೂ ಕತ್ತರಿ ಹಾಕಿದವಳಲ್ಲ. ಆದರೂ ದಿನಾ ಬೆಳಿಗ್ಗೆ ಹೂವು ಮಾಯ, ಉಳಿದದ್ದು ಕತ್ತರಿಸಿದ ತೊಟ್ಟು. ಮತ್ತೆ ಯಾರು? ಎದುರು ಮನೆ ಶಕೀಲಾ ಆಂಟಿಯನ್ನೂ ಅನುಮಾನಿಸಿದೆ.

ಇವತ್ತು ಗೇಟಿನ ಹಿಂದೆ ಅಡಗಿ ಕೂತೆ. ಕಾಂಪೌಂಡಿನ ಮೇಲಿಂದ ಒಂದು ಕೈ ಬಂತು, ಕೈಯಲ್ಲಿ ಕತ್ತರಿ. ಹಿಂದಿನ ಬೀದಿಯ ರುದ್ರಪ್ಪನವರು! ವಾಕಿಂಗಿಗೆ ಹೊರಟವರ ಹೆಗಲಲ್ಲಿ ನಮ್ಮ ಎಂ.ಸಿ.ಸಿ. ಬಡಾವಣೆಯ ಹೂವೆಲ್ಲ ಹಿಡಿಸುವಷ್ಟು ದೊಡ್ಡ ಚೀಲ.

"ಏನ್ರಿ ಇದು?"

"ಪೂಜೆಗಮ್ಮಾ. ಕೈಲಿ ಕಿತ್ರೆ ಗಿಡಕ್ಕೆ ನೋವಾಗ್ತೈತೆ ಅಂತ ಕತ್ತರಿ ಇಟ್ಕಂಡೀನಿ."

"ಅದರಿಂದ್ಲೇ ನಮ್ಮ ಗಿಡಕ್ಕೆ ರೋಗ ಬಂದಿರೋದು!"

ಅವರು ಗಾಬರಿಯಾದರು. "ರೋಗ ಐತಾ? ಮೊದ್ಲೇ ಹೇಳಬಾರ್ದೇನ್ರಿ? ದಿನಾ ನಿಮ್ಮನೆಯಿಂದ್ಲೇ ಶುರು ಮಾಡ್ತೀನಿ!"

ಮಧ್ಯಾಹ್ನದೊಳಗೆ ಶಕೀಲಾ ಆಂಟಿ ಬಂದರು. "ನಿಮ್ಮ ಗಿಡದ ರೋಗ ನಮ್ಮ ಗಿಡಕ್ಕೂ ಬಂದೈತಂತಲ್ಲಮ್ಮಾ, ರುದ್ರಪ್ಪನೋರು ಹೇಳಿದ್ರು."

ಈಗ ಬೀದಿಗೆ ಬೀದಿಯೇ ನಮ್ಮ ಗೇಟನ್ನು ಅನುಮಾನದಿಂದ ನೋಡುತ್ತಿದೆ. ಕತ್ತರಿಯ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಅದು ದೇವರ ಕೆಲಸದ್ದಲ್ಲವೇ!