ಗಂಟು ಒಡೆದ ಕಾಕಾ

ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಅಮೋನಿಯಾ ಸೋರಿದರೆ ಕೆಲಸಗಾರರ ಮೂಗಿಗಿಂತ ಮೊದಲು ಕೂಗಬೇಕಾದ ಸೆನ್ಸರ್ ನನ್ನದು. ವಾಸ್ಕೋದ ನಮ್ಮ ಲ್ಯಾಬಿನಲ್ಲಿ ಅದು ಮೂರು ವಾರದಿಂದ ಮೂಕವಾಗಿ ಕೂತಿತ್ತು. ತವರದ ಆಕ್ಸೈಡಿನ ಪುಡಿ ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ಕಣಗಳು ಒಂದನ್ನೊಂದು ಅಪ್ಪಿಕೊಂಡು ಗಂಟಾಗುತ್ತಿದ್ದವು. ಗ್ಯಾಸು ಗಂಟಿನ ಮೈ ಮುಟ್ಟಿ ವಾಪಸಾಗುತ್ತಿತ್ತು. ಒಳಗಿನ ಕಣಗಳಿಗೆ ಸುದ್ದಿಯೇ ಇಲ್ಲ.

ಬೂಷ್ಟು ಹಿಡಿದ ಗೋಡೆ ಕೆರೆದು ಡಿಸ್ಟೆಂಪರ್ ಪುಡಿ ಕಲಸಿ ಬಣ್ಣ ಹಚ್ಚಲು ವಿಜಯಪುರದ ಕಾಕಾ ಒಬ್ಬರು ಬಂದಿದ್ದರು. ನಾನು ಪುಡಿಗೆ ದ್ರಾವಣ ಸುರಿಯುವುದನ್ನು ನೋಡುತ್ತ ನಿಂತರು.

“ಅಕ್ಕಾರ, ಒಮ್ಮೆಲೆ ಅಷ್ಟು ಸುರುವಿದ್ರ ಗಂಟ ಆಗಲಾರದ ಏನ್ ಆಗ್ತೈತ್ರಿ?”

“ಕಾಕಾ, ಇದು ಬಣ್ಣ ಅಲ್ರಿ.” ನನಗೆ ಸಿಟ್ಟೇ ಬಂತು.

“ಪುಡಿ ಹೌದಲ್ರೀ? ಮೊದಲ ಚೂರ ಹಾಕಿ ಗಟ್ಟಿಯಾಗಿ ಕಲಸಿ ತಿಕ್ರಿ. ಗಂಟ ಒಡದ ಮ್ಯಾಲೆ ತೆಳ್ಳಗ ಮಾಡ್ರಿ.”

ಅವರ ಮಾತು ಸುಳ್ಳು ಮಾಡಬೇಕೆಂದೇ ಹಾಗೆ ಅರೆದೆ. ಲೇಪಿಸಿ, ಒಣಗಿಸಿ, ಕಾಯಿಸಿ, ಮರುದಿನ ಹನಿಯಷ್ಟು ಅಮೋನಿಯಾ ಬಿಟ್ಟೆ. ನನ್ನ ಮೂಗಿಗೆ ವಾಸನೆ ಬಡಿಯುವ ಮೊದಲೇ ಸೆನ್ಸರ್ ಕಿರುಚಿತು! ಏಣಿಯ ಮೇಲಿದ್ದ ಕಾಕಾ ಬ್ರಷ್ ಎತ್ತಿ, “ಭಲೇ! ಒದರ್ತು ನೋಡ್ರಿ!” ಎಂದರು. ನಾನು ನಿಂತಲ್ಲೇ ಕುಣಿದುಬಿಟ್ಟೆ.

ವರದಿ ಓದಿದ ನಮ್ಮ ಸಾಹೇಬರು ಕನ್ನಡಕ ಸರಿಮಾಡಿಕೊಂಡು, “ಈ ವಿಧಾನಕ್ಕೆ ಆಧಾರ ಏನು?” ಎಂದು ಕೇಳಿದರು.

ನಾನು ಗೋಡೆ ತೋರಿಸಿದೆ. ಹುಡುಕಿದರೂ ಒಂದು ಗಂಟಿರಲಿಲ್ಲ.