ಚಾರ್ಜಪ್ಪನ ಉಳಿತಾಯ

ಉಪ್ಪು ಉಳಿಸುವವರನ್ನು ನೋಡಿದ್ದೀರಿ, ಮಾತು ಉಳಿಸುವವರನ್ನೂ ನೋಡಿದ್ದೀರಿ. ಇದು ಬ್ಯಾಟರಿ ಉಳಿಸುವುದರಲ್ಲೇ ಬಾಳು ಸವೆಸಿದವನ ಕತೆ.

ಕಚೇರಿ ಬೀದಿಯ ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಆತ ಜನರ ಅರ್ಜಿ ತುಂಬಿಕೊಡುತ್ತಿದ್ದ. ಪ್ಲಗ್ಗು ಇದ್ದದ್ದು ಕೆಳಗೆ ಅಂಗಡಿಯಲ್ಲಿ; ನೆಟ್‌ವರ್ಕ್ ಸಿಗುತ್ತಿದ್ದದ್ದು ಮೂರನೇ ಮಹಡಿಯ ಮೆಟ್ಟಿಲ ಮೇಲೆ. ಜಗಳವಾಡಿದ ಓರಗಿತ್ತಿಯರ ಹಾಗೆ, ಒಂದಿದ್ದಲ್ಲಿ ಇನ್ನೊಂದಿಲ್ಲ. ಹಾಗಾಗಿ ಕೆಳಗೆ ಚಾರ್ಜು ತುಂಬಿಸಿ, ಮೇಲೆ ಹತ್ತಿ ಅರ್ಜಿ ಕಳಿಸಬೇಕು. ಒಂದೊಂದು ಪುಟ ಮುಗಿದೊಡನೆ ನೆಟ್ ಆಫ್. ಪರದೆಯ ಬೆಳಕು ಎಷ್ಟು ಮಂದವೆಂದರೆ ಅದರಲ್ಲಿ ನೋಡಿದವರ ಮುಖ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಜನ ಅವನನ್ನು ಚಾರ್ಜಪ್ಪ ಎಂದರು. ಹೆಂಡತಿಯನ್ನು ಕೇಳಿದರೆ, "ನಾನು ಎರಡು ಮಾತಾಡಿದ್ರೆ ಒಂದಕ್ಕೆ ಹೂಂ ಅಂತಾರೆ, ಇನ್ನೊಂದು ಹೂಂ ಉಳಿಸಿಡ್ತಾರೆ" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಒಬ್ಬ ನರ್ಸಮ್ಮ ಬಂದಳು. ನಾಲ್ಕು ವರ್ಷದಿಂದ ಅವಳ ಕೆಲಸ ಬಸ್ಸಿನಲ್ಲಿ ಐದು ಗಂಟೆ ದೂರದ ಆಸ್ಪತ್ರೆಯಲ್ಲಿ. ಮಗಳು ಇಲ್ಲಿ ಅಜ್ಜಿಯ ಹತ್ತಿರ. ಈಗ ಈ ಊರಿನ ಆಸ್ಪತ್ರೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಸರದಿಯಲ್ಲಿ ಅವಳೇ ಮೊದಲು. ವರ್ಗಾವಣೆಯ ಅರ್ಜಿ ಅಂದೇ ಸಂಜೆ ಐದರೊಳಗೆ ತಲುಪಿದರೆ ಸಾಕು. ಆದರೆ ಅದು ಫೋನಿನಲ್ಲಿ ತೆರೆಯದ ಅರ್ಜಿ.

ನಾಲ್ಕೂವರೆಗೆ ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಮೊದಲ ಪುಟ ಹೋಯಿತು. ಚಾರ್ಜಪ್ಪ ನೆಟ್ ಆರಿಸಿದ. ಎರಡನೇ ಪುಟ ತುಂಬಿ ನೆಟ್ ಹಾಕಿದರೆ, 'ಮೊದಲಿನಿಂದ ಶುರುಮಾಡಿ' ಎಂದಿತು. ಮತ್ತೆ ತುಂಬಿದ, ಮತ್ತೆ ಆರಿಸಿದ, ಮತ್ತೆ ಅದೇ ಹಾಡು.

"ಅಣ್ಣಾ, ನೆಟ್ ಯಾಕೆ ಆಫ್ ಮಾಡ್ತೀರಾ?"

"ಚಾರ್ಜು ಉಳೀಲಿ ಅಂತ. ನೋಡಮ್ಮ, ಇನ್ನೂ ನಲವತ್ತು ಪರ್ಸೆಂಟ್ ಇದೆ."

"ಇದ್ದು?"

"ಮುಂದೆ ಕೆಲಸಕ್ಕೆ ಬೇಕಾಗುತ್ತಲ್ಲ."

"ಮತ್ತೆ ಇದೇನಣ್ಣ, ಆಟವಾ?"

ಐದಕ್ಕೆ ಹನ್ನೆರಡು ನಿಮಿಷವಿತ್ತು. ಅವನ ಬೆರಳು ಮತ್ತೆ ನೆಟ್ ಆರಿಸಲು ಸರಿಯಿತು. ಸೂಜಿಗೆ ಹೆದರುವ ರೋಗಿಯನ್ನು ಹಿಡಿಯುವ ಹಾಗೆ ನರ್ಸಮ್ಮ ಅವನ ಬಲಗೈ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

"ಎಡಗೈಲಿ ಟೈಪ್ ಮಾಡಿ. ಸ್ವಲ್ಪ ನೋವಾಗುತ್ತೆ, ಅಷ್ಟೇ."

ಮೂವತ್ತು, ಹದಿನೆಂಟು, ಒಂಬತ್ತು. ಇಳಿದಾಗಲೆಲ್ಲ ಚಾರ್ಜಪ್ಪ ಮುಲುಗಿದ. ಐದಕ್ಕೆ ಎರಡು ನಿಮಿಷ ಇರುವಾಗ ಅರ್ಜಿ ಹೋಯಿತು. ನರ್ಸಮ್ಮನ ಫೋನಿಗೆ 'ತಲುಪಿದೆ' ಎಂಬ ಸಂದೇಶ ಬಂತು. ಅವಳು ಗೋಡೆಗೊರಗಿ ಕಣ್ಣೊರೆಸಿಕೊಂಡಳು. ಲ್ಯಾಪ್‌ಟಾಪ್ ಕಪ್ಪಾಯಿತು. ಚಾರ್ಜಪ್ಪನೂ ಕಣ್ಣೊರೆಸಿಕೊಂಡ, ಅವನ ಕಾರಣ ಬೇರೆ.

"ಏಳು ವರ್ಷದಲ್ಲಿ ಒಂದ್ಸಲವೂ ಸೊನ್ನೆ ಮುಟ್ಟಿರ್ಲಿಲ್ಲಮ್ಮ" ಎಂದ.

ತಿಂಗಳೊಳಗೆ ಅವಳಿಗೆ ವರ್ಗವಾಯಿತು. ಮಗಳನ್ನು ಶಾಲೆಯಿಂದ ಕರೆದುಕೊಂಡು ಅಂಗಡಿಯ ಮುಂದೆ ಹಾದುಹೋಗುವಾಗ, ಚಾರ್ಜಪ್ಪ ಗಿರಾಕಿಗಳಿಗೆ ಬುದ್ಧಿ ಹೇಳುವುದು ಅವಳ ಕಿವಿಗೆ ಬಿತ್ತು: "ಅವತ್ತು ನಾನು ನಲವತ್ತು ಉಳಿಸಿರ್ಲಿಲ್ಲ ಅಂದ್ರೆ ಆ ನರ್ಸಮ್ಮ ಇವತ್ತಿಗೂ ಬಸ್ಸಲ್ಲೇ ಇರ್ತಿದ್ದಳು."