ಬನಶ್ರೀ ಮಾಡಿದ ಕೆಲಸ

ಬನಶ್ರೀಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದ್ದು ದೂರು ಬರೆದೂ ಬರೆದೂ. ಹಿಂದೂಪುರದ ನೇಕಾರರ ಬೀದಿಯಲ್ಲಿ ಕೂತು ಅವಳು ರೇಷ್ಮೆ ಸೀರೆಗಳ ಅಂಚು, ಸೆರಗು, ಬುಟ್ಟಾಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದಳು. ಬಿಡಿಸಿದ್ದನ್ನು ಮಗ್ಗಕ್ಕೆ ತಿಳಿಯುವ ಹಾಗೆ ಮಾಡುವ ಸಾಫ್ಟ್‌ವೇರು ಜರ್ಮನಿಯ ಒಂದು ಸಣ್ಣ ಕಂಪನಿಯದು. ಅದರಲ್ಲಿ ಮಾವಿನಕಾಯಿ ಬುಟ್ಟಾವನ್ನು ಚಿಕ್ಕದು ಮಾಡಿದರೆ ತುದಿಯ ಗೆರೆ ಕಡಿದುಹೋಗುತ್ತಿತ್ತು. ಬೇರೆ ಡಿಸೈನರುಗಳು ಬೈದುಕೊಂಡು, ಗೆರೆಯನ್ನು ತಾವೇ ತಿದ್ದಿಕೊಂಡು ಸುಮ್ಮನಾಗುತ್ತಿದ್ದರು. ಬನಶ್ರೀ ಸುಮ್ಮನಾಗುವವಳಲ್ಲ. ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, ಫೋಟೋ ಸಮೇತ, ಕಂಪನಿಗೆ ಮೇಲ್ ಹಾಕಿದಳು. ಉಲ್ರಿಕೆ ಎಂಬ ಹೆಂಗಸು ಉತ್ತರ ಬರೆದಳು: ನೀವು ಹೇಳಿದ್ದು ನಿಜ, ಸರಿಮಾಡುತ್ತೇವೆ. ಸರಿಮಾಡಿಯೂ ಬಿಟ್ಟರು.

ಅಲ್ಲಿಂದ ಅದೊಂದು ಅಭ್ಯಾಸವಾಯಿತು. ತಪ್ಪು ಕಂಡಾಗಲೆಲ್ಲ ಬನಶ್ರೀ ಬರೆಯುವುದು, ಉಲ್ರಿಕೆ ಇನ್ನಷ್ಟು ಕೇಳುವುದು. ಹೀಗೇ ಕೆಲವು ವರ್ಷ ನಡೆಯಿತು. ಒಂದು ಸಲ ಉಲ್ರಿಕೆ ವಿಡಿಯೋ ಕಾಲ್ ಮಾಡಿ, ನಿಮ್ಮ ದೇಶದ ಗಿರಾಕಿಗಳು ಹೆಚ್ಚುತ್ತಿದ್ದಾರೆ, ಸೀರೆ ಎಂದರೇನು ಎಂದು ತಿಳಿದವರು ನಮ್ಮಲ್ಲಿ ಒಬ್ಬರೂ ಇಲ್ಲ, ನೀವು ಇಲ್ಲಿಗೇ ಬಂದು ನಮ್ಮ ಜೊತೆ ಕೆಲಸ ಮಾಡುತ್ತೀರಾ ಎಂದು ಕೇಳಿದಳು. ತಂತ್ರಜ್ಞಾನದ ಕುಶಲ ಕೆಲಸಗಾರರಿಗೆ ಕೊಡುವ ವೀಸಾ ಇದೆ, ಕಾಗದಪತ್ರಕ್ಕೆ ನಮ್ಮ ವಕೀಲರು ನೆರವಾಗುತ್ತಾರೆ ಎಂದೂ ಹೇಳಿದಳು.

ಬನಶ್ರೀಗೆ ಆಗ ಮೂವತ್ತಮೂರು. ಮದುವೆಯಾಗಿ, ಅದು ಸರಿಬರದೆ ತಾಯಿಯ ಮನೆಗೆ ವಾಪಸು ಬಂದು ವರ್ಷಗಳಾಗಿದ್ದವು. ತಾಯಿ ಬನಶಂಕರಮ್ಮ ಇನ್ನೂ ಗಟ್ಟಿ ಹೆಂಗಸು. ಮನೆಯಲ್ಲೇ ಎರಡು ಪವರ್‌ಲೂಮ್ ಹಾಕಿಸಿಕೊಂಡು ತಾನೇ ನಡೆಸುತ್ತಿದ್ದಳು. ಮಗಳು ಹೋದರೆ ಅಳುತ್ತಾ ಕೂರುವವಳಲ್ಲ. ಬನಶ್ರೀಯ ಆಸೆ ದುಡ್ಡಿನದ್ದೂ ಆಗಿರಲಿಲ್ಲ. ಬೀದಿಯಲ್ಲಿ ಯಾರ ಮಗ್ಗದಲ್ಲಿ ಅಂಚು ಕೆಟ್ಟರೂ ಕರೆ ಅವಳಿಗೇ ಬರುತ್ತಿತ್ತು. ಎಲ್ಲರೂ ನೆಂಟರು, ಅಥವಾ ನೆಂಟರ ನೆಂಟರು. ಸರಿಮಾಡಿಕೊಟ್ಟರೆ ಕಾಫಿ ಕೊಟ್ಟು ಕಳಿಸುತ್ತಿದ್ದರು. ಯಾರೂ ತನಗೆ ನೆಂಟರಲ್ಲದ ಒಂದು ಊರಿನಲ್ಲಿ, ತನ್ನ ಕೆಲಸವನ್ನು ಕೆಲಸ ಎಂದು ಕರೆಯುವ ಜನರ ನಡುವೆ ಕೂರಬೇಕು ಎಂಬುದು ಅವಳಿಗೆ ಹಸಿವಿನ ಹಾಗೆ ಹತ್ತಿಕೊಂಡಿತು.

ಅವಳು ಓದಿದ್ದು ಬಿ.ಕಾಂ. ಕಂಪ್ಯೂಟರಿನ ಡಿಗ್ರಿ ಇಲ್ಲದವರು ಕಡೇಪಕ್ಷ ಎರಡು ವರ್ಷದ ಅನುಭವವನ್ನು ತೋರಿಸಬೇಕು ಎಂದು ವಕೀಲರು ತಿಳಿಸಿದರು. ಎಲ್ಲಿ, ಯಾವಾಗಿನಿಂದ ಯಾವಾಗಿನವರೆಗೆ, ಯಾವ ಹುದ್ದೆಯಲ್ಲಿ ಕೆಲಸ ಮಾಡಿದಳು ಎಂದು ಹಳೆಯ ಮಾಲೀಕರು ಬರೆದುಕೊಡಬೇಕು. ಬನಶ್ರೀಗೆ ಅದು ಕಷ್ಟವೆನಿಸಲೇ ಇಲ್ಲ. ಅವಳ ಹಳೆಯ ಮಾಲೀಕನೆಂದರೆ ಸ್ವಂತ ಚಿಕ್ಕಪ್ಪ ಕೇಶವಯ್ಯ.

ತಂದೆ ತೀರಿಕೊಂಡಾಗ ಅವಳಿನ್ನೂ ಕಾಲೇಜಿನಲ್ಲಿದ್ದಳು. ಕೇಶವಯ್ಯ ಆಗ ಹಿಂದೂಪುರದಲ್ಲಿ ಡಿಸೈನ್ ಅಂಗಡಿ ಇಟ್ಟಿದ್ದ. ಅಣ್ಣನ ಮಗಳನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದ. ಎಂಟು ವರ್ಷ ಆ ಅಂಗಡಿಯಿಂದ ಹೊರಟ ಡಿಸೈನುಗಳೆಲ್ಲ ಬನಶ್ರೀ ಮಾಡಿದ್ದೇ. ಅವನು ಕೈ ಬಿಗಿ ಹಿಡಿದವನಲ್ಲ. ಹಬ್ಬಕ್ಕೆ ಸೀರೆ, ಮನೆಗೆ ದಿನಸಿ, ತಾಯಿಯ ಆಪರೇಷನ್ನಿಗೆ ಖರ್ಚು, ಎಲ್ಲ ನೋಡಿಕೊಂಡ. ಸಂಬಳ ಅಂತ ಮಾತ್ರ ಯಾವತ್ತೂ ಕೊಡಲಿಲ್ಲ. ಆಮೇಲೆ ಮೊಣಕಾಲು ನೋವು ಹೆಚ್ಚಾಗಿ ಅಂಗಡಿ ಮುಚ್ಚಿ, ಮಗಳು ಶಿರೀಷಾಳ ಊರಾದ ಕಲ್ಯಾಣದುರ್ಗಕ್ಕೆ ಹೋಗಿ ಅಲ್ಲೊಂದು ಸೀರೆ ಅಂಗಡಿ ತೆರೆದ. ಬನಶ್ರೀ ಅಂದಿನಿಂದ ಮನೆಯಲ್ಲೇ ಕೂತು ಬಂದವರಿಗೆ ಮಾಡಿಕೊಡುತ್ತಿದ್ದಳು. ಅದಕ್ಕೂ ಕಾಗದವಿರಲಿಲ್ಲ.

ಫೋನಿನಲ್ಲಿ ವಿಷಯ ಕೇಳಿ ಕೇಶವಯ್ಯ ಕುಣಿದಾಡಿದ. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಸಿಹಿ ಹಂಚಿದನಂತೆ. ಒಂದು ಕಾಗದ ತಾನೇ, ಬಾ, ಬರೆದುಕೊಡುತ್ತೇನೆ ಎಂದ.

ಬನಶ್ರೀ ಪಾವಗಡದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗಕ್ಕೆ ಹೋದಳು. ಚಿಕ್ಕಮ್ಮ ರಂಗಲಕ್ಷ್ಮಮ್ಮ ಒಬ್ಬಟ್ಟು ಮಾಡಿಟ್ಟಿದ್ದಳು. ಊಟವಾದ ಮೇಲೆ ಬನಶ್ರೀ ವಕೀಲರು ಕಳಿಸಿದ ನಮೂನೆಯನ್ನು ಮುಂದಿಟ್ಟಳು. ಕೇಶವಯ್ಯ ಕನ್ನಡಕ ಹಾಕಿಕೊಂಡು ಓದುತ್ತಿರುವಾಗಲೇ ಶಿರೀಷಾಳ ಗಂಡ ಆನಂದಕುಮಾರ್ ಒಳಗೆ ಬಂದ. ಅವನು ಊರಿನ ಅಂಗಡಿಗಳವರಿಗೆಲ್ಲ ತೆರಿಗೆ ಲೆಕ್ಕ ಬರೆದುಕೊಡುವ ಆಡಿಟರ್. ಕಾಗದವನ್ನು ಒಮ್ಮೆ ನೋಡಿದವನೇ, ‘ತೊಂದರಪಡೊದ್ದು ಮಾವಯ್ಯಾ, ಆತುರ ಬೇಡ’ ಎಂದ. ಎಂಟು ವರ್ಷ ಒಬ್ಬಳನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೆ ಎಂದು ಸಹಿ ಹಾಕಿದರೆ ಸಂಬಳದ ಲೆಕ್ಕ ಎಲ್ಲಿ, ಪಿಎಫ್ ಎಲ್ಲಿ ಎಂದು ನಾಳೆ ಯಾರಾದರೂ ಕೇಳಬಹುದು, ವಿಚಾರಿಸಿಕೊಂಡು ಕೊಡೋಣ ಎಂಬುದು ಅವನ ಮಾತು. ಬನಶ್ರೀ ಅವನ ಮೇಲೆ ಸಿಟ್ಟಾದರೂ, ಅವನ ಮಾತಿನಲ್ಲಿ ಹುರುಳಿಲ್ಲ ಎಂದು ಹೇಳಲಾರದೆ ಹೋದಳು.

ಕೇಶವಯ್ಯ ಆಗಲ್ಲ ಎಂದಿದ್ದರೆ ಬೇರೆ ದಾರಿ ಹುಡುಕಬಹುದಿತ್ತು. ಅವನು ಯಾವತ್ತೂ ಆಗಲ್ಲ ಎನ್ನಲಿಲ್ಲ. ಒಂದು ಸಲ, ಅಂಗಡಿಯ ಹಳೆಯ ಲೆಟರ್‌ಹೆಡ್ ಮುಗಿದಿದೆ, ಪ್ರಿಂಟ್ ಮಾಡಿಸಬೇಕು ಎಂದ. ಬನಶ್ರೀ ಹಿಂದೂಪುರದಲ್ಲೇ ಮಾಡಿಸಿಕೊಂಡು ಹೋದಳು. ಸೀಲು ಎಲ್ಲೋ ಹಳೇ ಮನೆಯಲ್ಲಿ ಉಳಿಯಿತು ಎಂದ. ಅವಳು ಹಳೇ ಮನೆಯ ಬೀಗ ತೆಗೆಸಿ, ಅಟ್ಟದ ಮೇಲೆಲ್ಲ ತಡಕಿ ಸೀಲು ಹುಡುಕಿ ಒಯ್ದಳು. ಆಗ ಆಷಾಢ ಬಂದಿತ್ತು. ಒಳ್ಳೆಯ ಕೆಲಸಕ್ಕೆ ಬರೆಯುವ ಕಾಗದ, ಶ್ರಾವಣ ಬರಲಿ ಎಂದ. ಪ್ರತಿ ಸಲವೂ ಊಟ, ಪ್ರತಿ ಸಲವೂ ಬಸ್‌ಸ್ಟ್ಯಾಂಡಿನವರೆಗೆ ಆಟೋ ಮಾಡಿ ತಾನೇ ಬಂದು ಹತ್ತಿಸಿ ಕೈಬೀಸುವುದು. ಕಿಟಕಿಯಲ್ಲಿ ಕೂತ ಬನಶ್ರೀಗೆ ಆ ಕೈ ಕಂಡರೆ ಮೈ ಉರಿಯುತ್ತಿತ್ತು.

ಬೆಂಗಳೂರಿನಲ್ಲಿ ವೀಸಾ ಅರ್ಜಿ ಕೊಡುವ ದಿನ ಹತ್ತಿರವಾಗುತ್ತಿತ್ತು. ಅದನ್ನು ಅವಳು ಒಮ್ಮೆ ಮುಂದಕ್ಕೆ ಹಾಕಿಸಿದ್ದಳು. ಇನ್ನೊಮ್ಮೆ ಹಾಕಿಸಿದರೆ ಯಾವಾಗ ಸಿಗುತ್ತದೋ ಹೇಳಲಾಗದು ಎಂದು ವಕೀಲರು ಎಚ್ಚರಿಸಿದ್ದರು. ಉಲ್ರಿಕೆ ವಾರಕ್ಕೊಮ್ಮೆ ಮರ್ಯಾದೆಯಿಂದ ಕೇಳುತ್ತಿದ್ದಳು. ಒಂದು ಕಾಗದಕ್ಕೆ ಇಷ್ಟು ದಿನ ಯಾಕೆ ಎಂದು ಅವಳಿಗೆ ಹೇಗೆ ತಿಳಿಸುವುದು? ಬನಶ್ರೀ ಮೊಬೈಲಿನಲ್ಲಿ ಬರೆದು, ಅಳಿಸಿ, ಕೊನೆಗೆ ‘ಮುಂದಿನ ವಾರ’ ಎಂದಷ್ಟೇ ಕಳಿಸುತ್ತಿದ್ದಳು. ತಾನೂ ಚಿಕ್ಕಪ್ಪನ ಹಾಗೇ ಆಡುತ್ತಿದ್ದೇನೆ ಎಂದು ಹೊಳೆದಾಗ ಫೋನನ್ನು ಮಂಚದ ಮೇಲೆ ಎಸೆದಳು.

ಸಿಟ್ಟೆಲ್ಲ ಮನೆಯಲ್ಲಿ ಹರಿಯತೊಡಗಿತು. ಸಾರಿಗೆ ಉಪ್ಪು ಸಾಲದು ಎಂಬುದಕ್ಕೂ ತಾಯಿ ಮಗಳಿಗೆ ಜಗಳ. ಬನಶಂಕರಮ್ಮ ಒಂದು ದಿನ ಲೂಮ್ ನಿಲ್ಲಿಸಿ ಎದ್ದು ಬಂದು, ನಾನೂ ಬರುತ್ತೇನೆ ನಡೆ ಎಂದಳು. ಮೈದುನನಿಗೆ ಎದುರು ಮಾತಾಡಿದವಳಲ್ಲ ಅವಳು.

ಇಬ್ಬರೂ ಹೋದಾಗ ಕೇಶವಯ್ಯ ಅವರಿಗಾಗಿಯೇ ಕಾಯುತ್ತಿದ್ದವನಂತೆ ಎದ್ದು ನಿಂತ. ಬಸ್‌ಸ್ಟ್ಯಾಂಡ್ ಹತ್ತಿರದ ಟೈಪಿಂಗ್ ಅಂಗಡಿಯಲ್ಲಿ ಇಂಗ್ಲಿಷಿನಲ್ಲಿ ಮಾಡಿಸಿ, ಸಹಿ ಹಾಕಿ, ಸೀಲು ಒತ್ತಿ ಇಟ್ಟಿದ್ದ. ಕುಂಕುಮ ಹಚ್ಚಿದ ಕವರಿನಲ್ಲಿ ಹಾಕಿ ಎರಡೂ ಕೈಯಿಂದ ಕೊಟ್ಟ. ಬನಶ್ರೀಗೆ ಇಷ್ಟು ದಿನ ಬೈದುಕೊಂಡಿದ್ದಕ್ಕೆ ನಾಚಿಕೆಯಾಯಿತು. ಕವರು ತೆಗೆದು ಓದಿದಳು.

ಬನಶ್ರೀ ನನ್ನ ಅಣ್ಣನ ಮಗಳು, ನನಗೆ ಸ್ವಂತ ಮಗಳ ಸಮಾನ, ಬಹಳ ಒಳ್ಳೆಯ ನಡತೆಯವಳು, ನಮ್ಮ ಅಂಗಡಿಯಲ್ಲಿ ಬಿಡುವಿನ ವೇಳೆ ಕಂಪ್ಯೂಟರಿನಲ್ಲಿ ನಮಗೆ ಸಹಾಯ ಮಾಡಿರುತ್ತಾಳೆ ಎಂದಿತ್ತು.

ಅವಳು ಇನ್ನೊಮ್ಮೆ ಓದಿದಳು. ‘ಇದೇನು ಚಿಕ್ಕಪ್ಪ, ಬಿಡುವಿನ ವೇಳೆ? ಬೆಳಿಗ್ಗೆ ಅಂಗಡಿ ಬಾಗಿಲು ತೆಗೀತಿದ್ದೋಳೇ ನಾನು.’

‘ಆನಂದಕುಮಾರ್ ಹಿಂಗೆ ಬರೆದ್ರೆ ಯಾರಿಗೂ ತೊಂದ್ರೆ ಇಲ್ಲ ಅಂದ ಕಣಮ್ಮ.’

‘ಅವರ ಮಾತು ಬಿಡು. ನೀನು ಹೇಳು. ಆ ಎಂಟು ವರ್ಷ ನಾನು ಮಾಡಿದ್ದು ಸಹಾಯನಾ, ಕೆಲಸನಾ?’

ಕೇಶವಯ್ಯನ ಮುಖ ಸಪ್ಪಗಾಯಿತು. ಹೆಂಡತಿಯತ್ತ ನೋಡಿದ, ಅತ್ತಿಗೆಯತ್ತ ನೋಡಿದ. ‘ನಮ್ಮಣ್ಣ ಸತ್ತಾಗ ನಿನ್ನನ್ನ ಮಗಳು ಅಂತ ಕರ್ಕೊಂಡ್ಬಂದೋನು ನಾನು. ನಿನ್ನನ್ನ ಕೆಲಸದವಳು ಅಂತ ಈ ಕೈಯಾಗೆ ಹೆಂಗಮ್ಮ ಬರೀಲಿ? ನಾಕು ಜನ ನೋಡಿದ್ರೆ ಏನಂತಾರೆ, ಅಣ್ಣನ ಮಗಳನ್ನ ಕೂಲಿಗೆ ಇಟ್ಕೊಂಡಿದ್ದ ಅನ್ನಲ್ವಾ?’

ಪಿಎಫ್ ಭಯ ಅಳಿಯನದು. ಚಿಕ್ಕಪ್ಪನ ಕೈ ತಡೆದಿದ್ದು ಇದು ಎಂದು ಬನಶ್ರೀಗೆ ಆಗ ತಿಳಿಯಿತು. ತಿಳಿದಿದ್ದರಿಂದ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಅವನು ಸುಳ್ಳು ಬರೆದಿರಲಿಲ್ಲ. ಅವನಿಗೆ ಕಂಡದ್ದನ್ನೇ ಬರೆದಿದ್ದ. ಎಂಟು ವರ್ಷ ಎದುರಿಗೇ ಕೂತು ದುಡಿದವಳು ಅವನ ಕಣ್ಣಿಗೆ ಕೆಲಸ ಮಾಡುವವಳಾಗಿ ಒಂದು ದಿನವೂ ಕಂಡಿರಲಿಲ್ಲ.

‘ಮಗಳು ಅಂತ ಬರೆದ್ರೆ ಯಾರೂ ವೀಸಾ ಕೊಡಲ್ಲ ಚಿಕ್ಕಪ್ಪ,’ ಎಂದಳು.

ಬನಶಂಕರಮ್ಮ ಮೈದುನನ ಎದುರಿಗೆ ಬಂದು ನಿಂತಳು. ‘ಅವಳು ಮಾಡಿದ್ದು ಕೆಲಸವೇ ಅಲ್ವಾ ಕೇಶವಾ? ಸುಮ್ನೆ ಅಷ್ಟು ಬರೆದ್ಕೊಡು,’ ಎಂದಳು. ಕೇಶವಯ್ಯ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡ. ಅವನ ಕಣ್ಣಲ್ಲಿ ನೀರು ಬಂದಿದ್ದು ಕಂಡು ರಂಗಲಕ್ಷ್ಮಮ್ಮ, ಮೊದಲು ಎಲ್ಲರೂ ಊಟ ಮಾಡಿ ಎಂದಳು. ಆ ದಿನ ತಾಯಿ ಮಗಳು ಊಟ ಮಾಡದೆ ಎದ್ದರು.

ಬೇರೆ ಉಪಾಯವಿಲ್ಲದೆ ಬನಶ್ರೀ ಅದೇ ಕಾಗದವನ್ನು ಬೆಂಗಳೂರಿಗೆ ಒಯ್ದಳು. ಜೊತೆಗೆ ತಾನು ಮಾಡಿದ ಡಿಸೈನುಗಳು, ಕಂಪನಿಗೆ ಬರೆದ ಮೇಲುಗಳು, ಉಲ್ರಿಕೆ ಬರೆದ ಶಿಫಾರಸು, ಎಲ್ಲ ಜೋಡಿಸಿದಳು. ಕೌಂಟರಿನ ಹುಡುಗಿ ನಯವಾಗಿಯೇ ತೆಗೆದುಕೊಂಡಳು. ಚಿಕ್ಕಪ್ಪನ ಕಾಗದ ಬಂದಾಗ ಮಾತ್ರ, ಅನುಭವ ಪತ್ರ ಇದೇನಾ ಎಂದು ತಲೆಯೆತ್ತಿ ಕೇಳಿದಳು. ಇದೇ ಎಂದಳು ಬನಶ್ರೀ.

ಕಾಯುತ್ತಾ ದೀಪಾವಳಿ ಕಳೆಯಿತು. ಉತ್ತರ ಬಂತು. ಉದ್ಯೋಗದ ಅನುಭವ ಸಾಬೀತಾಗಿಲ್ಲ, ವೀಸಾ ಕೊಡಲಾಗದು. ಬೀದಿಯವರು ಒಬ್ಬೊಬ್ಬರಾಗಿ ಬಂದು ಸಮಾಧಾನ ಹೇಳಿದರು. ಹಾಗೆ ಬಂದವರಲ್ಲಿ ಒಬ್ಬಾಕೆ ಹೊರಡುವಾಗ, ನಮ್ಮ ಮಗ್ಗದಲ್ಲಿ ಸೆರಗು ಸರಿ ಬೀಳುತ್ತಿಲ್ಲ, ಬಿಡುವಾದಾಗ ಬಂದು ಹೋಗು ಎಂದಳು. ಬನಶ್ರೀ ಹೋಗಲಿಲ್ಲ. ಬೀದಿಯಲ್ಲಿ ಅದು ಮೊದಲ ಸಲ.

ಉಲ್ರಿಕೆ ಮತ್ತೆ ಕಾಲ್ ಮಾಡಿದಳು. ಅವಳಿಗೂ ಬೇಸರವಾಗಿತ್ತು. ಆದರೆ ಒಂದು ದಾರಿ ಕಂಡುಕೊಂಡಿದ್ದಳು. ನೀವು ಬರುವುದೇ ಬೇಡ, ನಿಮ್ಮ ಮನೆಯಲ್ಲೇ ಕೂತು ನಮಗೆ ಕೆಲಸ ಮಾಡಿಕೊಡಿ, ಮಾಡಿದಷ್ಟಕ್ಕೆ ಹಣ ಕಳಿಸುತ್ತೇವೆ. ಸುದ್ದಿ ತಿಳಿದವರೆಲ್ಲ ಖುಷಿಪಟ್ಟರು. ಕೇಶವಯ್ಯ ಫೋನು ಮಾಡಿ, ‘ನೋಡಿದ್ಯಾ, ದ್ಯಾವ್ರು ಯಾವ್ದಕ್ಕೋ ತಡೆದಿದ್ದ. ಊರು ಬಿಡ್ದಂಗೆ ಫಾರಿನ್ ಕೆಲಸ ಬಂದ್ಬುಡ್ತು’ ಎಂದ. ಅವನ ದನಿಯಲ್ಲಿ ನಿಜವಾದ ಸಂತೋಷವಿತ್ತು. ಬನಶ್ರೀ ಫೋನನ್ನು ತಾಯಿಯ ಕೈಗಿತ್ತು ಹೊರಗೆ ಹೋದಳು. ಮನೆಯಲ್ಲೇ ಕೂತು ಮಾಡಿಕೊಡುವುದನ್ನು ಅವಳು ಇಷ್ಟು ವರ್ಷ ಮಾಡಿರಲಿಲ್ಲವೇ? ಹೋಗಬೇಕೆಂದಿದ್ದವಳಿಗೆ ಹೋಗುವುದೊಂದು ಬಿಟ್ಟು ಉಳಿದದ್ದೆಲ್ಲ ಕೊಡುತ್ತಿದ್ದರು.

ಎರಡು ದಿನ ಅವಳು ಉಲ್ರಿಕೆಗೆ ಉತ್ತರ ಬರೆಯಲಿಲ್ಲ. ಆಮೇಲೆ ತಾನೇ ಕಾಲ್ ಮಾಡಿದಳು. ಮಾಡಿಕೊಡುವುದು ಆಗುವುದಿಲ್ಲ, ನೇಮಕ ಮಾಡಿಕೊಂಡರೆ ಮಾತ್ರ ಬರುತ್ತೇನೆ ಎಂದಳು. ತಿಂಗಳ ಸಂಬಳ ಬೇಕು, ಪಿಎಫ್ ಬೇಕು, ಹುದ್ದೆಗೊಂದು ಹೆಸರು ಬೇಕು. ನಮ್ಮ ಕಂಪನಿಯ ಆಫೀಸು ನಿಮ್ಮ ದೇಶದಲ್ಲಿಲ್ಲವಲ್ಲ ಎಂದಳು ಉಲ್ರಿಕೆ. ಬೆಂಗಳೂರಿನಲ್ಲಿ ನಿಮ್ಮ ಸಾಫ್ಟ್‌ವೇರು ಮಾರುವ ಡೀಲರ್ ಇದ್ದಾನಲ್ಲ, ಅವನ ಮೂಲಕ ಮಾಡಿ ಎಂದಳು ಬನಶ್ರೀ. ಡೀಲರ್ ಮೊದಲು ಗೊಣಗಿದ. ಕೊನೆಗೆ ಸಂಕ್ರಾಂತಿ ಕಳೆದ ಮೇಲೆ ನೇಮಕವಾಯಿತು. ಅಪ್ಲಿಕೇಷನ್ ಎಂಜಿನಿಯರ್, ಹಿಂದೂಪುರ. ಜರ್ಮನಿಯವರು ಕೊಡುತ್ತೇವೆಂದಿದ್ದುದಕ್ಕೆ ಹೋಲಿಸಿದರೆ ಸಂಬಳ ಬಹಳ ಕಡಿಮೆ.

ಈಗ ಅವಳು ಧರ್ಮಾವರ, ದೊಡ್ಡಬಳ್ಳಾಪುರದ ಮಗ್ಗಗಳಿಗೆ ಹೋಗಿ ಸಾಫ್ಟ್‌ವೇರು ಹಾಕಿಕೊಟ್ಟು, ಕಲಿಸಿ ಬರುತ್ತಾಳೆ. ಕೆಲಸ ಇಷ್ಟವೇ. ಆದರೂ ಕೆಲವು ದಿನ ಬಸ್ಸಿಗೆ ಕಾಯುತ್ತಾ ನಿಂತಾಗ, ಒಮ್ಮೆ ಮಾಡಿ ಮುಗಿಸಿದ ವರ್ಷಗಳನ್ನು ಮತ್ತೆ ಮೊದಲಿನಿಂದ ಮಾಡಬೇಕಲ್ಲ ಎಂದು ಹೊಟ್ಟೆ ಉರಿಯುತ್ತದೆ. ಕೇಶವಯ್ಯ ಹಬ್ಬಕ್ಕೆ ಕರೆಯುತ್ತಾನೆ. ನೋಡೋಣ ಎನ್ನುತ್ತಾಳೆ. ಕಲ್ಯಾಣದುರ್ಗಕ್ಕೆ ಆಮೇಲೆ ಅವಳು ಹೋಗಿಲ್ಲ.

ಮೊನ್ನೆ ಬನಶಂಕರಮ್ಮ ನೂಲಿನ ಉಂಡೆ ಸುತ್ತುತ್ತಾ ಕೂತು, ಅನುಭವ ಎರಡು ವರ್ಷ ತುಂಬಿದ ಮೇಲೆ ಮತ್ತೆ ಅರ್ಜಿ ಹಾಕುತ್ತೀಯಾ ಎಂದು ಕೇಳಿದಳು.

‘ಹಾಕ್ತೀನಿ. ಹೋಯ್ತೀನಿ ಕೂಡಾ.’

‘ಹಂಗಾದ್ರೆ ಅಲ್ಲೀ ಚಳಿಗೆ ಸ್ವೆಟರು ಈಗ್ಲೇ ತರೋದು ಬ್ಯಾಡ,’ ಎಂದಳು ತಾಯಿ. ‘ಅಷ್ಟು ದಿನ ಪೆಟ್ಟಿಗೇಲಿಟ್ರೆ ಹುಳ ತಿಂತವೆ.’

ಬನಶ್ರೀಗೆ ನಗು ಬರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಧರ್ಮಾವರದ ಬಸ್ಸಿಗೆ ಹೊರಟಳು.